ಕಾಯಿಲೆಯೇ ಇಲ್ಲದ ನನಗೆ ಟಿಬಿ ಮಾತ್ರೆ ಯಾಕೆ?

ಪ್ರಶ್ನೆ: ಡಾಕ್ಟರೇ, ಎರಡು ತಿಂಗಳ ಹಿಂದೆ ನಮ್ಮ ಯಜಮಾನರಿಗೆ ಶ್ವಾಸಕೋಶದ ಟಿಬಿ ಅಂತ ಗೊತ್ತಾಯಿತು. ಮಾತ್ರೆ ನುಂಗುತ್ತಿದ್ದಾರೆ, ಕೆಮ್ಮು ಕಡಿಮೆಯಾಗಿದೆ. ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಂಡೆವು. ನನ್ನ ರಕ್ತಪರೀಕ್ಷೆ ಪಾಸಿಟಿವ್, ಎಕ್ಸ್‌ರೇ ನಾರ್ಮಲ್. ನನಗೆ ಕೆಮ್ಮಿಲ್ಲ, ಜ್ವರವಿಲ್ಲ. ಆದರೂ ಮಾತ್ರೆ ತಗೊಳ್ಳಿ ಅನ್ನುತ್ತಾರೆ. ಕ್ರಿಮಿ ಒಳಗೆ ಹೋದರೆ ಮೈಯೇ ಅದನ್ನು ಕೊಲ್ಲುವುದಿಲ್ಲವಾ? ಅತ್ತೆಯವರು ಇವರ ತಟ್ಟೆ, ಲೋಟ ಬೇರೆ ಇಟ್ಟಿದ್ದಾರೆ. ನಾಲ್ಕು ವರ್ಷದ ಮಗಳನ್ನು ಅಪ್ಪನ ಹತ್ತಿರ ಬಿಡುತ್ತಿಲ್ಲ.
– ಹೆಸರು ಬೇಡ, ಕಾಮಾಕ್ಷಿಪಾಳ್ಯ, ಬೆಂಗಳೂರು

ಉತ್ತರ: ಮೊದಲು ತಟ್ಟೆಯ ವಿಷಯ ಮುಗಿಸಿಬಿಡೋಣಮ್ಮ. ನಮ್ಮ ದೊಡ್ಡಮ್ಮನಿಗೂ ಕ್ಷಯ ಆಗಿತ್ತು. ಚಾಮರಾಜಪೇಟೆಯ ಮನೆಯಲ್ಲಿ ಅವರಿಗೆ ಹಿತ್ತಲ ಕೋಣೆ, ಒಂದು ಚಾಪೆ, ಒಂದು ಹಿತ್ತಾಳೆ ಲೋಟ. ಬಾಗಿಲ ಹತ್ತಿರ ಅನ್ನ ಇಟ್ಟು ಬರುತ್ತಿದ್ದರು. ಆ ಕೋಣೆಗೆ ಕಿಟಕಿಯೇ ಇರಲಿಲ್ಲ. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ. ಶ್ವಾಸಕೋಶದ ಟಿಬಿ ಎಂಜಲಿನಿಂದ ಹರಡುವುದಿಲ್ಲ, ಲೋಟದಿಂದ ಹರಡುವುದಿಲ್ಲ. ಕೆಮ್ಮಿದಾಗ ಹಾರುವ ಕಣ್ಣಿಗೆ ಕಾಣದ ಹನಿಗಳಿಂದ ಹರಡುತ್ತದೆ. ಮುಚ್ಚಿದ ಕೋಣೆಯಲ್ಲಿ ಅವು ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತವೆ. ಅತ್ತೆಯವರಿಗೆ ಹೇಳಿ: ತಟ್ಟೆ ಬೇರೆ ಮಾಡುವುದು ಬೇಡ, ಕಿಟಕಿ ತೆಗೆದಿಡಲಿ, ಬಿಸಿಲು ಬರಲಿ.

ಈಗ ನಿಮ್ಮ ಪ್ರಶ್ನೆ. ಮೈಯೇ ಕೊಲ್ಲುವುದಿಲ್ಲವಾ ಅಂತ ಕೇಳಿದ್ದೀರಿ. ಕೊಲ್ಲಲು ನೋಡುತ್ತದೆ. ಆದರೆ ಈ ಕ್ರಿಮಿ ಬೇರೆ ಕ್ರಿಮಿಗಳ ಹಾಗಲ್ಲ.

ಆ ಹನಿ ಶ್ವಾಸಕೋಶದ ತುದಿಯಲ್ಲಿರುವ ಪುಟ್ಟ ಗಾಳಿಚೀಲದವರೆಗೂ ಇಳಿಯುತ್ತದೆ. ಅಲ್ಲಿ ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳಿವೆ. ಬಂದ ಕ್ರಿಮಿಯನ್ನು ನುಂಗುವುದು ಅವುಗಳ ಕೆಲಸ. ನುಂಗಿದ್ದು ಒಂದು ಚೀಲದೊಳಗೆ ಸೇರುತ್ತದೆ. ಆ ಚೀಲಕ್ಕೆ ಆಮ್ಲ ತುಂಬಿದ ಇನ್ನೊಂದು ಚೀಲ ಬಂದು ಕೂಡಿಕೊಂಡರೆ ಕ್ರಿಮಿ ಕರಗಿಹೋಗುತ್ತದೆ. ಟಿಬಿ ಕ್ರಿಮಿ ತಡೆಯುವುದು ಇದನ್ನೇ. ಎರಡು ಚೀಲ ಕೂಡದ ಹಾಗೆ ಮಾಡುತ್ತದೆ. ಅದರ ಮೈಮೇಲೆ ಮೇಣದಂಥ ದಪ್ಪ ಹೊದಿಕೆಯೂ ಇದೆ. ಹೀಗೆ ತನ್ನನ್ನು ಕೊಲ್ಲಬೇಕಾದ ಕೋಶದ ಒಳಗೇ ಮನೆ ಮಾಡಿಕೊಳ್ಳುತ್ತದೆ. ಅದಕ್ಕೆ ಅವಸರವೂ ಇಲ್ಲ. ನಮ್ಮ ಕರುಳಿನಲ್ಲಿರುವ ಇ. ಕೋಲಿ ಎಂಬ ಕ್ರಿಮಿ ಅನುಕೂಲ ಸಿಕ್ಕರೆ 20 ನಿಮಿಷಕ್ಕೆ ಒಂದು ಎರಡಾಗುತ್ತದೆ. ಇದಕ್ಕೆ ಸುಮಾರು 20 ಗಂಟೆ ಬೇಕು.

ಕೆಲವು ವಾರ ಕಳೆದ ಮೇಲೆ ಟಿ ಕೋಶಗಳು, ಅಂದರೆ ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು, ಬರುತ್ತವೆ. ಇಂಟರ್‌ಫೆರಾನ್ ಗಾಮಾ ಎಂಬ ರಾಸಾಯನಿಕ ಬಿಟ್ಟು, ಸುಮ್ಮನಾಗಿದ್ದ ಮ್ಯಾಕ್ರೋಫೇಜ್‌ಗಳನ್ನು ಎಚ್ಚರಿಸುತ್ತವೆ. ಎಲ್ಲ ಸೇರಿ ಕ್ರಿಮಿಯ ಸುತ್ತ ಗಂಟು ಕಟ್ಟುತ್ತವೆ. ಅದರ ನಡುಭಾಗ ಸತ್ತು ಗಿಣ್ಣಿನ ಹಾಗೆ ಆಗುವುದೂ ಉಂಟು. ಕೆಲವು ಕ್ರಿಮಿಗಳು ಸಾಯುತ್ತವೆ, ಕೆಲವು ಒಳಗೇ ಅಡಗಿ ವರ್ಷಗಟ್ಟಲೆ ಉಳಿಯುತ್ತವೆ.

ನಿಮ್ಮ ರಕ್ತದಲ್ಲಿ ನೋಡಿದ್ದು ಕ್ರಿಮಿಯನ್ನಲ್ಲ ಅಮ್ಮಾ. ನಿಮ್ಮ ಟಿ ಕೋಶಗಳಿಗೆ ಟಿಬಿ ಕ್ರಿಮಿಯ ಪರಿಚಯ ಇದೆಯಾ ಅಂತ ನೋಡಿದ್ದಾರೆ. ಇದ್ದರೆ ಅವು ಅದೇ ಇಂಟರ್‌ಫೆರಾನ್ ಬಿಡುತ್ತವೆ, ಪರೀಕ್ಷೆ ಅಳೆಯುವುದು ಅದನ್ನು. ಚಿಕ್ಕಂದಿನಲ್ಲಿ ಹಾಕಿಸಿದ ಬಿಸಿಜಿ ಲಸಿಕೆಯಿಂದ ಈ ಪರೀಕ್ಷೆ ಪಾಸಿಟಿವ್ ಆಗುವುದಿಲ್ಲ. ಅಂದರೆ ಕ್ರಿಮಿ ನಿಮ್ಮ ಮೈ ಹೊಕ್ಕಿದೆ, ಮೈ ಅದನ್ನು ಹಿಡಿದಿಟ್ಟಿದೆ. ನಿಮಗೆ ಟಿಬಿ ಕಾಯಿಲೆ ಇಲ್ಲ. ನಿಮ್ಮಿಂದ ಯಾರಿಗೂ ಹರಡುವುದಿಲ್ಲ.

ಹಾಗಾದರೆ ಮಾತ್ರೆ ಯಾಕೆ? ಹೀಗೆ ಸೋಂಕು ತಗುಲಿದ 100 ಜನರಲ್ಲಿ 5ರಿಂದ 10 ಜನಕ್ಕೆ ಮುಂದೆ ಯಾವಾಗಲೋ ಕಾಯಿಲೆ ಬರುತ್ತದೆ. ಮೊದಲ ಎರಡು ವರ್ಷ ಅಪಾಯ ಜಾಸ್ತಿ. ನೀವು ಈಗ ಆ ಎರಡು ವರ್ಷದ ಒಳಗೇ ಇದ್ದೀರಿ, ಅಲ್ವಾ? ಸಕ್ಕರೆ ಕಾಯಿಲೆ, ಎಚ್‌ಐವಿ, ಸ್ಟೀರಾಯ್ಡ್, ಸರಿಯಾಗಿ ಊಟ ಇಲ್ಲದಿರುವುದು, ಇವೆಲ್ಲ ಆ ಗಂಟನ್ನು ಸಡಿಲ ಮಾಡುತ್ತವೆ. ಗಂಟು ಒಡೆದು ಶ್ವಾಸನಾಳಕ್ಕೆ ತೆರೆದುಕೊಂಡರೆ ಕೆಮ್ಮಿನ ಜೊತೆ ಕ್ರಿಮಿ ಹೊರಗೆ ಬರುತ್ತದೆ. ನಿಮ್ಮ ಯಜಮಾನರಿಗೆ ಆಗಿರುವುದು ಬಹುಶಃ ಹೀಗೇ. ಅಡಗಿರುವಾಗ ಕ್ರಿಮಿಗಳು ಕಡಿಮೆ, ಆಗ ಸ್ವಲ್ಪ ಔಷಧಿಯಲ್ಲೇ ಕೆಲಸ ಆಗುತ್ತದೆ. ವಾರಕ್ಕೊಮ್ಮೆಯಂತೆ 12 ವಾರ ನುಂಗುವ ಮಾತ್ರೆ ಇದೆ, ದಿನಾ ಒಂದರಂತೆ 6 ತಿಂಗಳು ನುಂಗುವುದೂ ಇದೆ. ವಾರದ ಮಾತ್ರೆಯಾದರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಗಾಬರಿ ಬೇಡ. ಗರ್ಭನಿರೋಧಕ ಗುಳಿಗೆ ತಗೊಳ್ಳುತ್ತಿದ್ದರೆ ಮೊದಲೇ ಡಾಕ್ಟರಿಗೆ ಹೇಳಿ, ಅದರ ಶಕ್ತಿ ಕುಗ್ಗುತ್ತದೆ. ವಾಂತಿ ನಿಲ್ಲದಿದ್ದರೆ, ಕಣ್ಣು ಹಳದಿಯಾದರೆ ಮಾತ್ರೆ ನಿಲ್ಲಿಸಿ ಅದೇ ದಿನ ಹೋಗಿ ತೋರಿಸಿ.

ಮಗಳ ವಿಷಯಕ್ಕೆ ನನಗೆ ನಿಮಗಿಂತ ಜಾಸ್ತಿ ಅವಸರ. 5 ವರ್ಷದೊಳಗಿನ ಮಕ್ಕಳಲ್ಲಿ ಗಂಟು ಬೇಗ ಸಡಿಲವಾಗುತ್ತದೆ. ಕ್ರಿಮಿ ಮಿದುಳಿನ ಪೊರೆಗೂ ಹೋಗಬಹುದು. ಬಿಸಿಜಿ ಅದರಿಂದ ಒಂದು ಮಟ್ಟಿಗೆ ಕಾಪಾಡುತ್ತದೆ, ಪೂರ್ತಿ ಅಲ್ಲ. ಈ ವಯಸ್ಸಿನವರಿಗೆ ರಕ್ತಪರೀಕ್ಷೆಗೆ ಕಾಯುವುದಿಲ್ಲ. ಕಾಯಿಲೆ ಇಲ್ಲ ಅಂತ ಖಚಿತ ಮಾಡಿಕೊಂಡು ತಡೆ ಮಾತ್ರೆ ಶುರು ಮಾಡುತ್ತಾರೆ. ನಾಳೆಯೇ ಕರೆದುಕೊಂಡು ಹೋಗಿ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ಲದೆ ಕೊಡುತ್ತಾರೆ.

ಇನ್ನು ಅಪ್ಪನನ್ನು ದೂರ ಇಡುವ ಮಾತು. 1950ರ ದಶಕದ ಕೊನೆಯಲ್ಲಿ ಮದ್ರಾಸಿನಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು. ಕೆಲವು ರೋಗಿಗಳಿಗೆ ಸ್ಯಾನಟೋರಿಯಂ ಎಂಬ ಕ್ಷಯರೋಗಿಗಳ ಆಸ್ಪತ್ರೆಯಲ್ಲಿ, ಕೆಲವರಿಗೆ ಇಕ್ಕಟ್ಟಾದ ಅವರ ಮನೆಗಳಲ್ಲೇ ಔಷಧಿ ಕೊಟ್ಟರು. ಮನೆಯಲ್ಲಿದ್ದವರ ಕುಟುಂಬಕ್ಕೆ ಟಿಬಿ ಜಾಸ್ತಿ ಆಗಲಿಲ್ಲ. ಹರಡುವುದು ಹೆಚ್ಚಾಗಿ ಔಷಧಿ ಶುರುವಾಗುವ ಮೊದಲೇ. ಬಳ್ಳಾರಿ ರಸ್ತೆಯ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿ ತರಬೇತಿಗೆ ಕೂತಿದ್ದಾಗ ಇದನ್ನು ಕೇಳಿದೆ. ಆ ದಿನ ದೊಡ್ಡಮ್ಮ ತುಂಬಾ ನೆನಪಾದರು.

ಯಜಮಾನರಿಗೆ ಎರಡು ತಿಂಗಳು ಮುಗಿದಿದೆ, ಈಗ ಕಫ ಪರೀಕ್ಷೆ ಮಾಡಿಸುವ ಸಮಯ. ಅದರಲ್ಲಿ ಕ್ರಿಮಿ ಕಾಣದಿದ್ದರೆ ರಿಪೋರ್ಟನ್ನು ಅತ್ತೆಯವರಿಗೇ ತೋರಿಸಿ, ಮಗಳನ್ನು ಅಪ್ಪನ ತೊಡೆ ಮೇಲೆ ಕೂರಿಸಿ.