ಮಗನ ಬಳಪದ ಡಬ್ಬಿ

ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬಂದ ಒಬ್ಬ ಮಹಿಳೆಯ ಪ್ರಕರಣ ಇದು. ಬರೆಯೋಕೆ ಅವರ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಊರು, ಮನೆಯವರ ಕೆಲಸ ಎಲ್ಲ ಬದಲಾಯಿಸಿದ್ದೇನೆ. ಇಲ್ಲಿ ಅವರನ್ನು ಕಮಲ ಅಂತ ಕರೆಯುತ್ತೇನೆ. ವಯಸ್ಸು 31. ತುಮಕೂರು ಕಡೆಯ ಹಳ್ಳಿ ಅಂದುಕೊಳ್ಳಿ. ಮನೆಯಲ್ಲಿ ಗಂಡ, ಅತ್ತೆ, ಮಾವ, ಒಂದನೇ ಕ್ಲಾಸಿಗೆ ಹೋಗುವ ಮಗ.

ಮೊದಲ ದಿನ ಗಂಡನೇ ಕರೆದುಕೊಂಡು ಬಂದಿದ್ದರು. "ಇವಳಿಗೆ ಕೋಪ ವಿಪರೀತ ಆಗಿದೆ ಮೇಡಂ. ಪಾತ್ರೆ ಕುಕ್ಕುತ್ತಾಳೆ. ಏನು ಕೇಳಿದ್ರೂ ಸಿಡುಕುತ್ತಾಳೆ. ಮಧ್ಯಾಹ್ನ ಆದ್ರೆ ಸಾಕು, ಮಲಗಿಬಿಡ್ತಾಳೆ. ಮುಂಚೆ ಹೀಗಿರಲಿಲ್ಲ" ಅಂದರು. ಕಮಲ ತಲೆ ಎತ್ತಲಿಲ್ಲ. ಗಂಡ ಹೊರಗೆ ಹೋದ ಮೇಲೆ ಒಂದೇ ಮಾತು ಹೇಳಿದರು: "ಮಗನ ಕೆನ್ನೆ ಮೇಲೆ ನನ್ನ ನಾಲ್ಕು ಬೆರಳು ಮೂಡಿದ್ವು ಮೇಡಂ. ಅದನ್ನ ನೋಡಿ ನನಗೇ ನನ್ನ ಮೇಲೆ ಹೇಸಿಗೆ ಆಯ್ತು."

ಖಿನ್ನತೆ ಎಷ್ಟಿದೆ ಅಂತ ನೋಡೋಕೆ ನಾವು ಕೇಳುವ ಒಂಬತ್ತು ಪ್ರಶ್ನೆಗಳನ್ನು ಕೇಳಿದೆ. ಸುಸ್ತು, ನಿದ್ದೆ, ಗಮನ, ಬೇಸರ, ಎಲ್ಲದರಲ್ಲೂ ಅಂಕ ಜಾಸ್ತಿ ಬಂತು. ಸಾಯಬೇಕು ಅನ್ನುವ ಯೋಚನೆ ಬರುತ್ತಾ ಅಂತಲೂ ನೇರವಾಗಿ ಕೇಳಿದೆ. ಇಲ್ಲ ಅಂದರು. ನನಗೆ ಚಿತ್ರ ಸ್ಪಷ್ಟ ಆಯಿತು ಅನ್ನಿಸಿತು. ಕೋಪ ಬಂದಾಗ ಉಸಿರಾಟ ಹೇಗೆ ನಿಧಾನ ಮಾಡಬೇಕು ಅಂತ ಹೇಳಿಕೊಟ್ಟೆ. ಯಾವಾಗ, ಯಾಕೆ ಕೋಪ ಬಂತು ಅಂತ ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿದೆ. ಎರಡನೇ ಸಲ ಬಂದಾಗ ನೋಟ್‌ಬುಕ್ ತಂದಿದ್ದರು. ಪಾಪ, ಪ್ರತಿದಿನ ಬರೆದಿದ್ದರು. ಆದರೆ ಏನೂ ಬದಲಾಗಿರಲಿಲ್ಲ. "ಓದೋಕೆ ಕೂತ್ರೆ ಅಕ್ಷರ ತೇಲಿದ ಹಾಗೆ ಆಗುತ್ತೆ ಮೇಡಂ" ಅಂದಿದ್ದರು. ಆ ಮಾತನ್ನು ನಾನು ಬರೆದುಕೊಂಡೆ, ಅದರ ಬಗ್ಗೆ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಅದು ನನ್ನ ತಪ್ಪು. ಎರಡು ಭೇಟಿಯಲ್ಲೂ ಊಟದ ಬಗ್ಗೆ, ಮುಟ್ಟಿನ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ.

ಮೂರನೇ ಭೇಟಿಗೆ ಅವರು ಒಬ್ಬರೇ ಬಂದರು. ನಮ್ಮ ಕೋಣೆ ಇರುವುದು ಮೊದಲನೇ ಮಹಡಿಯಲ್ಲಿ, ಹದಿನೆಂಟು ಮೆಟ್ಟಿಲು. ಕಮಲ ಬಾಗಿಲ ಹತ್ತಿರ ಗೋಡೆಗೆ ಕೈ ಕೊಟ್ಟು ನಿಂತುಬಿಟ್ಟರು. ಎದೆ ಡವಡವ ಅನ್ನುವುದು ಕುತ್ತಿಗೆಯಲ್ಲೇ ಕಾಣುತ್ತಿತ್ತು. ನೀರು ಕೊಟ್ಟೆ. ಲೋಟ ಹಿಡಿದ ಕೈ ನೋಡಿದೆ. ಉಗುರು ಬಿಳುಚಿಕೊಂಡಿತ್ತು. ಬಲಗೈಯ ಎರಡು ಬೆರಳ ತುದಿಯಲ್ಲಿ ಬೂದು ಬಣ್ಣದ ಹುಡಿ ಅಂಟಿತ್ತು. ಸೀರೆಗೂ ಸ್ವಲ್ಪ ಒರೆಸಿಕೊಂಡಿದ್ದರು.

"ಕಮಲಾ, ಊಟ ಅಲ್ಲದ್ದು ಏನಾದ್ರೂ ತಿನ್ನಬೇಕು ಅನ್ನಿಸುತ್ತಾ? ಹಸಿ ಅಕ್ಕಿ, ಮಣ್ಣು, ಬಳಪ, ಹಾಗೆ? ಬಹಳ ಜನಕ್ಕೆ ಅನ್ನಿಸುತ್ತೆ, ಅದಕ್ಕೇ ಕೇಳ್ತಿದ್ದೀನಿ" ಅಂದೆ.

ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಬ್ಯಾಗಿನ ಜಿಪ್ ತೆಗೆದರು. ಕರ್ಚೀಫಿನಲ್ಲಿ ಸುತ್ತಿದ ಏಳೆಂಟು ಬಳಪದ ಕಡ್ಡಿ. ಎರಡು ಅರ್ಧ ಕಚ್ಚಿದ್ದು.

ದಿನಕ್ಕೆ ಹತ್ತು ಕಡ್ಡಿ ಬೇಕಾಗುತ್ತಿತ್ತಂತೆ. ಒಂದೂವರೆ ವರ್ಷದಿಂದ. ಅಂಗಡಿಯಲ್ಲಿ "ಮಗನಿಗೆ" ಅಂತ ಹೇಳಿ ತರುತ್ತಿದ್ದರು. ಮುಗಿದು ಹೋದ ದಿನ ಮಗನ ಡಬ್ಬಿಯಿಂದ ತೆಗೆಯುತ್ತಿದ್ದರು. ಬಳಪ ತರಲಿಲ್ಲ ಅಂತ ಹುಡುಗ ಸ್ಕೂಲಿನಲ್ಲಿ ಬೈಸಿಕೊಂಡು ಬಂದ. ಆ ಸಂಜೆ ಅಜ್ಜಿ ಎದುರಿಗೇ "ನನ್ನ ಬಳಪ ಅಮ್ಮಾನೇ ತಿಂದಿದ್ದು" ಅಂದುಬಿಟ್ಟ. ಕಮಲ ಹೊಡೆದದ್ದು ಆಗ.

ನೋಟ್‌ಬುಕ್ ಶುರು ಮಾಡುವಾಗ ಆ ದಿನವನ್ನು ನೆನೆದು "ಮಗ ಸುಳ್ಳು ಹೇಳಿದ, ಹೊಡೆದೆ" ಅಂತ ಬರೆದಿದ್ದರು.

ಬಳಪ ತಿನ್ನುವವರ ಬಗ್ಗೆ ನಮ್ಮ ಕಡೆ ಒಂದು ಮಾತಿದೆ: ಮೈಯಲ್ಲಿ ಸುಣ್ಣದ ಅಂಶ ಕಮ್ಮಿ ಆಗಿದೆ, ಅದಕ್ಕೇ ಆಸೆ ಆಗುತ್ತೆ ಅಂತ. ಕಮಲ ಕೂಡ ಇದನ್ನೇ ನಂಬಿ ಮೆಡಿಕಲ್ ಶಾಪಿನಿಂದ ಕ್ಯಾಲ್ಸಿಯಂ ಮಾತ್ರೆ ತಂದು ಊಟದ ಜೊತೆ ನುಂಗುತ್ತಿದ್ದರು. ಆದರೆ ಅವರು ದಿನಾ ಎರಡು ಹೊತ್ತು ರಾಗಿ ಮುದ್ದೆ ಉಣ್ಣುವವರು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬಳಪ, ಮಣ್ಣು, ಐಸ್ ತಿನ್ನುವ ಆಸೆಯ ಹಿಂದೆ ಬಹಳ ಸಲ ಇರುವುದು ಕಬ್ಬಿಣದ ಕೊರತೆ. ಊಟದ ಜೊತೆ ನುಂಗಿದ ಕ್ಯಾಲ್ಸಿಯಂ ಮಾತ್ರೆ, ಊಟದಲ್ಲಿದ್ದ ಅಷ್ಟಿಷ್ಟು ಕಬ್ಬಿಣವೂ ಮೈಗೆ ಹತ್ತದ ಹಾಗೆ ತಡೆಯುತ್ತದೆ. ಔಷಧಿ ಅಂದುಕೊಂಡು ತೆಗೆದುಕೊಂಡದ್ದೇ ಅಡ್ಡಗಾಲು ಹಾಕುತ್ತಿತ್ತು.

ಇನ್ನು ಮುಟ್ಟಿನ ವಿಷಯ. ಎರಡು ವರ್ಷದಿಂದ ಎಂಟು ಒಂಬತ್ತು ದಿನ ಹೋಗುತ್ತಿತ್ತು. ಪ್ಯಾಡ್ ಮೇಲೆ ಬಟ್ಟೆಯನ್ನೂ ಇಟ್ಟುಕೊಳ್ಳಬೇಕಿತ್ತು. ಯಾಕೆ ತೋರಿಸಲಿಲ್ಲ ಅಂತ ಕೇಳಿದೆ. "ತೋರಿಸಿದ್ರೆ ಗರ್ಭಕೋಶ ತೆಗೆಸಿ ಅಂತಾರೆ ಮೇಡಂ. ನಮ್ಮ ಬೀದೀಲಿ ಮೂರು ಜನಕ್ಕೆ ತೆಗೆದಿದ್ದಾರೆ." ಈ ಭಯ ಸುಳ್ಳಲ್ಲ. ಆದರೆ ರಕ್ತ ಹೋಗುವುದನ್ನು ಕಮ್ಮಿ ಮಾಡಲು ಮೊದಲು ಮಾತ್ರೆ ಇದೆ, ಬೇರೆ ದಾರಿಗಳಿವೆ, ಆಪರೇಷನ್ ಕೊನೆಗೆ ಬರುವ ಮಾತು ಅಂತ ಹೇಳಿದೆ. ನಾನು ಆಪ್ತಸಲಹೆಗಾರ್ತಿ, ಔಷಧಿ ಬರೆಯುವ ಹಕ್ಕು ನನಗಿಲ್ಲ. ತಾಲ್ಲೂಕು ಆಸ್ಪತ್ರೆಗೆ ಚೀಟಿ ಬರೆದುಕೊಟ್ಟೆ. ಮರೆಯದೆ ಹೇಳಲಿ ಅಂತ "ಬಳಪ ತಿನ್ನುತ್ತಾರೆ, ಮುಟ್ಟು 9 ದಿನ" ಅಂತ ಅದರಲ್ಲೇ ಬರೆದೆ.

ರಿಪೋರ್ಟ್ ಬಂತು. ಹಿಮೋಗ್ಲೋಬಿನ್ 7.6. ಹೆಂಗಸರಿಗೆ 12 ಇರಬೇಕು, 8ಕ್ಕಿಂತ ಕೆಳಗಿದ್ದರೆ ತೀವ್ರ ರಕ್ತಹೀನತೆ. ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ಹೇಳುವ ಫೆರಿಟಿನ್ 5. ಅದು 15ಕ್ಕಿಂತ ಕೆಳಗೆ ಹೋದರೆ ಉಗ್ರಾಣ ಖಾಲಿ ಅಂತಲೇ ಲೆಕ್ಕ. ಥೈರಾಯ್ಡ್ ಸರಿ ಇತ್ತು. ಬಿ12 ವಿಟಮಿನ್ ಕೂಡ ಸರಿ ಇತ್ತು. ಗರ್ಭಕೋಶದಲ್ಲಿ ಒಂದು ಸಣ್ಣ ಗಡ್ಡೆ. ಸದ್ಯಕ್ಕೆ ಮಾತ್ರೆ ಸಾಕು ಅಂದರು ಡಾಕ್ಟರು.

ರಕ್ತ ಕಮ್ಮಿ ಆದರೆ ಸುಸ್ತಾಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಕೋಪ ಯಾಕೆ ಬರಬೇಕು? ಕಮಲ ಇದನ್ನೇ ಕೇಳಿದರು. ನಾನು ಹೀಗೆ ಹೇಳಿದೆ. ಮೆದುಳು ಮೈಯ ತೂಕದಲ್ಲಿ ನೂರಕ್ಕೆ ಎರಡು ಪಾಲು. ಆದರೆ ನಾವು ಎಳೆದುಕೊಳ್ಳುವ ಆಮ್ಲಜನಕದಲ್ಲಿ ನೂರಕ್ಕೆ ಇಪ್ಪತ್ತು ಪಾಲು ಅದಕ್ಕೇ ಬೇಕು. ಆ ಆಮ್ಲಜನಕ ಹೊತ್ತು ತರುವುದು ರಕ್ತದಲ್ಲಿರುವ ಕಬ್ಬಿಣ. ಅಷ್ಟೇ ಅಲ್ಲ. ಡೋಪಮೈನ್, ಸೆರೊಟೋನಿನ್ ಅಂತ ಎರಡು ರಾಸಾಯನಿಕ ಮೆದುಳಲ್ಲಿ ತಯಾರಾಗುತ್ತವೆ. ಹುರುಪು, ಗಮನ, ಸಮಾಧಾನ ಇವುಗಳಲ್ಲಿ ಅವೆರಡಕ್ಕೂ ದೊಡ್ಡ ಪಾಲಿದೆ. ಅವನ್ನು ತಯಾರಿಸುವ ಕಿಣ್ವಗಳು ಕಬ್ಬಿಣ ಇಲ್ಲದಿದ್ದರೆ ಸರಿಯಾಗಿ ಕೆಲಸ ಮಾಡಲ್ಲ. ರಾತ್ರಿ ಕಾಲು ಅಲ್ಲಾಡಿಸದೆ ಮಲಗೋಕಾಗಲ್ಲ ಅಂತಲೂ ಕಮಲ ಹೇಳಿದ್ದರು. ಅದೂ ಕಬ್ಬಿಣದ ಕೊರತೆಯಲ್ಲಿ ಕಾಣುವ ತೊಂದರೆಯೇ. ನಿದ್ದೆ ಕೆಟ್ಟವರಿಗೆ ಬೆಳಿಗ್ಗೆ ತಾಳ್ಮೆ ಎಲ್ಲಿಂದ ಬರಬೇಕು?

"ಹಂಗಾದ್ರೆ ನಾನು ಕೆಟ್ಟವಳಲ್ವಾ ಮೇಡಂ?" ಅಂತ ಕೇಳಿದರು. ಇಷ್ಟು ವರ್ಷದ ಕೆಲಸದಲ್ಲಿ ನನ್ನ ಗಂಟಲು ಕಟ್ಟಿದ ಕೆಲವೇ ಪ್ರಶ್ನೆಗಳಲ್ಲಿ ಇದೂ ಒಂದು.

ಮುಂದಿನ ಭೇಟಿಗೆ ಗಂಡ, ಅತ್ತೆ ಇಬ್ಬರನ್ನೂ ಕರೆಸಿದೆ. ಮನೆಯಲ್ಲಿ ಯಾರು ಯಾವಾಗ ಏನು ಉಣ್ಣುತ್ತಾರೆ ಅಂತ ಕೇಳುತ್ತಾ ಹೋದೆ. ವಾರಕ್ಕೆ ಮೂರು ದಿನ ಬಸ್ಸಾರು. ದಂಟಿನ ಸೊಪ್ಪು, ಹೆಸರುಕಾಳು ಅಥವಾ ಅಲಸಂದೆ ಬೇಯಿಸಿ ಬಸಿಯುತ್ತಾರೆ. ಬಸಿದ ನೀರು ಸಾರಾಗುತ್ತದೆ, ಕಾಳು ಸೊಪ್ಪು ಪಲ್ಯ ಆಗುತ್ತದೆ. ಮಾವ, ಗಂಡ, ಮಗ, ಅತ್ತೆ ಉಂಡ ಮೇಲೆ ಕಮಲ ತಟ್ಟೆ ಹಾಕಿಕೊಳ್ಳುತ್ತಾರೆ. ಅಷ್ಟೊತ್ತಿಗೆ ಪಲ್ಯದ ಪಾತ್ರೆ ತೊಳೆಯೋಕೆ ಹೋಗಿರುತ್ತದೆ. ಮುದ್ದೆ ಮತ್ತು ಸಾರು ಅವರ ಊಟ. ಭಾನುವಾರ ಕೋಳಿ ಮಾಡಿದರೂ ತುಂಡು ಮುಗಿದಿರುತ್ತದೆ. ಊಟ ಆದ ಕೂಡಲೇ ಒಂದು ಲೋಟ ಟೀ, ಅದಿಲ್ಲದಿದ್ದರೆ ಏಳೋಕಾಗಲ್ಲ. ಯಾರೂ ಬೇಕು ಅಂತ ಮಾಡಿದ್ದಲ್ಲ ಇದು. ಗಂಡ ನಿಜವಾಗಿ ದಂಗಾದರು. "ನೀನು ಪಲ್ಯ ತಿನ್ನಲ್ವಾ?" ಅಂತ ಹೆಂಡತಿ ಮುಖ ನೋಡಿ ಕೇಳಿದರು. ಮದುವೆಯಾಗಿ ಎಂಟು ವರ್ಷ ಆಗಿತ್ತು.

ಅತ್ತೆ ಮೊದಲು ಬಿಗುವಾಗಿ ಕೂತಿದ್ದರು. ಬಳಪದ ಮಾತು ಬಂದಾಗ ಇದ್ದಕ್ಕಿದ್ದ ಹಾಗೆ, "ನಾನೂ ಇವನು ಹೊಟ್ಟೇಲಿದ್ದಾಗ ಕೆಮ್ಮಣ್ಣು ತಿಂತಿದ್ದೆ. ನಮ್ಮತ್ತೆ ಬಯಕೆ ಅಂದ್ರು, ಸುಮ್ನಿದ್ದೆ" ಅಂದರು. ಕೋಣೆಯ ಗಾಳಿಯೇ ಬದಲಾಯಿತು. ಸೊಸೆಯ ಬ್ಯಾಗಿನಲ್ಲಿದ್ದದ್ದು ಅವರಿಗೆ ಹೊಸದೇನಾಗಿರಲಿಲ್ಲ.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಕಮಲನ ತಟ್ಟೆಗೆ ಪಲ್ಯ ಮೊದಲೇ ತೆಗೆದಿಡಿ, ಆಗದಿದ್ದರೆ ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ಕಾಳಿನ ಮೇಲೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿ. ಸೀಬೆಹಣ್ಣು, ನೆಲ್ಲಿಕಾಯಿ ಸಿಕ್ಕಾಗ ಊಟದ ಜೊತೆಗೇ ತಿನ್ನಿ. ಇವುಗಳಲ್ಲಿರುವ ಸಿ ವಿಟಮಿನ್ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಟೀ ಕೂಡ ಕಬ್ಬಿಣ ಮೈಗೆ ಹತ್ತೋಕೆ ಅಡ್ಡ ಬರುತ್ತದೆ. ಅದನ್ನು ಬಿಡಬೇಕಿಲ್ಲ, ಊಟ ಆಗಿ ಒಂದೆರಡು ಗಂಟೆ ಬಿಟ್ಟು ಕುಡಿಯಿರಿ. ರಾಗಿ ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಒಳ್ಳೆಯದು. ಒಗ್ಗರಣೆಗೆ, ಪಲ್ಯಕ್ಕೆ ಅಟ್ಟದ ಮೇಲಿನ ಕಬ್ಬಿಣದ ಬಾಣಲೆ ಇಳಿಸಿ.

ಬೀಟ್‌ರೂಟ್ ಜ್ಯೂಸ್ ಕೊಡಲಾ ಅಂತ ಗಂಡ ಕೇಳಿದರು. ಬಹಳ ಜನ ಕೇಳುತ್ತಾರೆ. ಕೆಂಪಗಿದೆ ಅಂತ ಅದು ರಕ್ತ ಆಗಲ್ಲ. 100 ಗ್ರಾಂ ಬೀಟ್‌ರೂಟಿನಲ್ಲಿ 1 ಮಿಲಿಗ್ರಾಂ ಕಬ್ಬಿಣವೂ ಇಲ್ಲ. ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು ಅಂತ ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ ಹೇಳುತ್ತದೆ. ಅದಕ್ಕಿಂತ ಹುರುಳಿಕಾಳು ಎಷ್ಟೋ ಮೇಲು. ಆದರೆ 7.6ಕ್ಕೆ ಇಳಿದವರು ಊಟದಿಂದಲೇ ಮೇಲೆ ಬರುತ್ತೇನೆ ಅಂದರೆ ಆಗುವ ಮಾತಲ್ಲ. ಮಾತ್ರೆ ಬೇಕೇ ಬೇಕು. ಮಾತ್ರೆಯಿಂದ ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸಬಹುದು, ಮಲಬದ್ಧತೆ ಆಗಬಹುದು. ಹೆದರಿ ಬಿಡಬೇಡಿ, ಡಾಕ್ಟರಿಗೆ ಹೇಳಿ, ದಿನ ಬಿಟ್ಟು ದಿನ ಮಾಡಿಕೊಡಬಹುದು ಅಂದೆ. ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಿದರು.

ಓದುವವರಿಗೂ ಒಂದು ಮಾತು. ಇದನ್ನು ನೋಡಿ ನೀವೇ ಕಬ್ಬಿಣದ ಮಾತ್ರೆ ಶುರು ಮಾಡಬೇಡಿ. ಮೊದಲು ರಕ್ತ ಪರೀಕ್ಷೆ. ಹುಟ್ಟಿನಿಂದಲೇ ಬರುವ ರಕ್ತದ ತೊಂದರೆಯಾದ ಥಲಸೀಮಿಯಾ ಅಂಶ ಇದ್ದರೂ ಹಿಮೋಗ್ಲೋಬಿನ್ ಕಮ್ಮಿ ಕಾಣುತ್ತದೆ, ಅಲ್ಲಿ ಕಬ್ಬಿಣದ ಮಾತ್ರೆ ಕೆಲಸ ಮಾಡಲ್ಲ. ಪೂರ್ತಿ ಸಸ್ಯಾಹಾರಿ ಮನೆಯವರು ಬಿ12 ಕೂಡ ನೋಡಿಸಿ. ಅದು ಕಮ್ಮಿ ಆದರೆ ಮರೆವು, ಬೇಸರ, ಕೈಕಾಲು ಜೋಮು ಬರುತ್ತದೆ. ಬಿ12 ಕಮ್ಮಿ ಇದ್ದು, ರಕ್ತಕ್ಕೆ ಅಂತ ಬರೀ ಫೋಲಿಕ್ ಆಸಿಡ್ ಮಾತ್ರೆ ನುಂಗುತ್ತಿದ್ದರೆ ರಕ್ತ ಸರಿ ಹೋದ ಹಾಗೆ ಕಂಡು ನರಕ್ಕೆ ಪೆಟ್ಟು ಬೀಳುತ್ತಲೇ ಇರುತ್ತದೆ. ಬದುಕೇ ಬೇಡ ಅನ್ನಿಸುತ್ತಿದ್ದರೆ ರಿಪೋರ್ಟಿಗೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಮಾತ್ರೆ ಶುರುವಾಗಿ ಎರಡನೇ ವಾರಕ್ಕೆ ಬಳಪದ ಆಸೆ ಇಳಿಯಿತು. ಹಿಮೋಗ್ಲೋಬಿನ್ ಏರುವುದಕ್ಕಿಂತ ಮೊದಲೇ ಹೀಗಾಗುವುದುಂಟು. "ವಾಸನೆ ಕೂಡ ಬೇಡ ಅನ್ನಿಸ್ತಿದೆ ಮೇಡಂ" ಅಂತ ಫೋನಿನಲ್ಲಿ ಹೇಳಿದರು. ತಿಂಗಳಿಗೆ 9.4, ಮೂರು ತಿಂಗಳಿಗೆ 11.8. ಉಗ್ರಾಣ ತುಂಬಬೇಕಲ್ವಾ, ಮಾತ್ರೆ ಇನ್ನೂ ಮೂರು ತಿಂಗಳು ಅಂದಿದ್ದಾರೆ. ಮಧ್ಯಾಹ್ನದ ನಿದ್ದೆ ತಾನಾಗೇ ಹೋಯಿತು. ಉಸಿರಾಟದ ಅಭ್ಯಾಸ ಈಗ ಕೆಲಸ ಮಾಡುತ್ತಿದೆ.

ಎಲ್ಲವೂ ಕಬ್ಬಿಣದಿಂದ ಸರಿ ಹೋಗಲಿಲ್ಲ. ತಮ್ಮ ಮಾತಿಗೆ ಮನೆಯಲ್ಲಿ ಬೆಲೆ ಇಲ್ಲ ಅನ್ನುವ ನೋವು ಹಾಗೇ ಇತ್ತು, ಅದರ ಬಗ್ಗೆ ಇನ್ನೂ ಮಾತಾಡುತ್ತಿದ್ದೇವೆ. ಮಗನಿಗೆ ನಿಜ ಹೇಳಬೇಕು ಅನ್ನುವುದು ಅವರದೇ ತೀರ್ಮಾನ. ನನ್ನ ಕೋಣೆಯಲ್ಲಿ ಎರಡು ಸಲ ಹೇಳಿ ನೋಡಿಕೊಂಡರು. ಆಮೇಲೆ ಮನೆಯಲ್ಲಿ, ಅಜ್ಜಿ ಎದುರಿಗೇ, "ನೀನು ಸುಳ್ಳು ಹೇಳಿರಲಿಲ್ಲ ಪುಟ್ಟ. ನಿನ್ನ ಬಳಪ ನಾನೇ ತಿಂದಿದ್ದೆ. ನನಗೆ ಹುಷಾರಿರಲಿಲ್ಲ. ಹೊಡೆದದ್ದು ನನ್ನ ತಪ್ಪು" ಅಂದರಂತೆ. ಒಂದು ಹೊಸ ಡಬ್ಬಿ ಬಳಪವನ್ನೂ ತಂದುಕೊಟ್ಟರು.

ಹೋದ ತಿಂಗಳು ಬಂದಾಗ ಮಗ ಹೇಗಿದ್ದಾನೆ ಅಂತ ಕೇಳಿದೆ. ಚೆನ್ನಾಗಿದ್ದಾನೆ, ಮೈಮೇಲೆ ಬಿದ್ದು ಆಡ್ತಾನೆ ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ರಾತ್ರಿ ಮಲಗೋ ಮುಂಚೆ ಡಬ್ಬಿ ತೆಗೆದು ಬಳಪ ಎಣಿಸ್ತಾನೆ ಮೇಡಂ. ನಾನು ನೋಡಲ್ಲ ಅಂದ್ಕೊಂಡು ಎಣಿಸ್ತಾನೆ" ಅಂದರು. ಮುಂದಿನ ಸಲ ಅವನನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ.