ಅಂಗಳದ ತರಗೆಲೆಗೆ ಪೆಟ್ರೋಲ್ ಬ್ಲೋವರ್ ಬೇಕಾ?

ಮಂಗಳೂರಲ್ಲಿ 25 ಸೆಂಟ್ಸ್ ಜಾಗ, ಹಲಸು, ಮಾವು, ಬಾದಾಮಿ ಮರ, ಡಿಸೆಂಬರಲ್ಲಿ ಎಲೆ ಉದುರಲು ಶುರುವಾದರೆ ಮುಗಿಯುವುದೇ ಇಲ್ಲ, ಗಾಳಿ ಊದಿ ಎಲೆ ಹಾರಿಸುವ ಪೆಟ್ರೋಲ್ ಬ್ಲೋವರ್ ಬಿಟ್ಟು ಬೇರೆ ಏನಾದರೂ ಉಂಟಾ ಅಂತ ಕೇಳಿದ್ದೀರಿ. ಉಂಟು ಮಾರಾಯ್ರೆ, ನಿಮ್ಮ ಮನೆಯ ಮೂಲೆಯಲ್ಲೇ ಉಂಟು. ಹಿಡಿಸೂಡಿ, ಅದೇ ತೆಂಗಿನ ಕಡ್ಡಿಯ ಪೊರಕೆ. ನಗಬೇಡಿ.

ನಾನು ಉಡುಪಿ ಕಡೆಯವನು. ಒಮ್ಮೆ ಪರಿಚಯದವರ ಬ್ಲೋವರ್ ತಂದು ನೋಡಿದ್ದೇನೆ. ಎಲೆ ಹಾರಿತು, ಸುಳ್ಳಲ್ಲ. ಆದರೆ ನಮ್ಮದು ಕೆಂಪು ಮಣ್ಣಿನ ಅಂಗಳ ಅಲ್ವಾ, ಎಲೆ ಜೊತೆ ಧೂಳೂ ಎದ್ದು ಒಣಗಲು ಹಾಕಿದ್ದ ಕಾಳುಮೆಣಸಿನ ಮೇಲೆಲ್ಲ ಕೂತಿತು, ಅಮ್ಮ ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಹೊಗೆಯ ಕತೆ ಬೇರೆ. ಈ ಮೆಷಿನ್‌ಗಳಲ್ಲಿ ಹೆಚ್ಚಿನವು ಟೂ ಸ್ಟ್ರೋಕ್. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು, ಅದರಲ್ಲಿ ಒಂದು ಪಾಲು ಉರಿಯದೆ ಹಾಗೇ ಹೊರಗೆ ಬರುತ್ತದೆ. ದೊಡ್ಡ ಬ್ಲೋವರ್ ಒಂದು ಗಂಟೆ ಓಡಿದರೆ, ಕಾರು ಸುಮಾರು 1,770 ಕಿಲೋಮೀಟರ್ ಓಡಿದಾಗ ಬರುವಷ್ಟು ಹೊಗೆಮಂಜಿನ ಮಾಲಿನ್ಯ ಅಂತ ಕ್ಯಾಲಿಫೋರ್ನಿಯಾದ ವಾಯು ಮಂಡಳಿಯ ಲೆಕ್ಕ. ವಾಷಿಂಗ್ಟನ್ ಡಿಸಿಯಲ್ಲಂತೂ 2022ರಿಂದ ಪೆಟ್ರೋಲ್ ಬ್ಲೋವರ್ ಬಳಸುವ ಹಾಗೇ ಇಲ್ಲ.

ನಿಜ ಹೇಳಬೇಕೆಂದರೆ 25 ಸೆಂಟ್ಸ್ ಪೂರ್ತಿ ಗುಡಿಸುವ ಅಗತ್ಯವೇ ಇಲ್ಲ. ಅಂಗಳ, ನಡೆಯುವ ದಾರಿ, ಬಾವಿಕಟ್ಟೆ ಸುತ್ತ, ಇಷ್ಟು ಸಾಕು. ಮರದ ಅಡಿಯ ಎಲೆ ಅಲ್ಲೇ ಇರಲಿ. ಬೆಳಿಗ್ಗೆ ಬಿಸಿಲು ಏರುವ ಮೊದಲು ಗುಡಿಸಿ, ಇಬ್ಬನಿಗೆ ಎಲೆ ಸ್ವಲ್ಪ ಒದ್ದೆ ಇರುತ್ತದೆ, ಧೂಳು ಏಳುವುದಿಲ್ಲ. ಸೊಂಟ ನೋವಿದ್ದರೆ ಹಿಡಿಸೂಡಿಗೆ ಉದ್ದ ಬಿದಿರಿನ ಕೋಲು ಕಟ್ಟಿ, ಬಗ್ಗುವುದು ತಪ್ಪುತ್ತದೆ. ಬಾದಾಮಿಯಂಥ ದೊಡ್ಡ ಎಲೆಗೆ ಹಲ್ಲಿನ ರೇಕ್ ಒಳ್ಳೆಯದು. ಹಳೇ ಸೀರೆ ಹಾಸಿ ಅದರ ಮೇಲೆ ಎಳೆದುಕೊಂಡು, ನಾಲ್ಕು ಮೂಲೆ ಹಿಡಿದು ಹೊತ್ತುಕೊಂಡು ಹೋಗಿ.

ಒಟ್ಟು ಮಾಡಿದ್ದಕ್ಕೆ ದಯವಿಟ್ಟು ಬೆಂಕಿ ಕೊಡಬೇಡಿ. ತೆಂಗಿನ ಬುಡಕ್ಕೆ ಒಂದು ಗೇಣು ದಪ್ಪ ಹಾಕಿ, ಮೇ ತನಕ ತೇವ ಜಾಸ್ತಿ ಉಳಿಯುತ್ತದೆ. ಪಕ್ಕದಲ್ಲಿ ಯಾರದ್ದಾದರೂ ಹಟ್ಟಿ ಇದ್ದರೆ ಕೇಳಿ ನೋಡಿ, ದನದ ಅಡಿಗೆ ಹಾಸಲು ಖುಷಿಯಿಂದ ತಗೊಂಡು ಹೋಗುತ್ತಾರೆ. ಗುಂಡಿ ಮಾಡಿ ಸೆಗಣಿ ನೀರು ಹಾಕಿ ಕೊಳೆಸಿದರೆ ಗೊಬ್ಬರವೂ ಆಗುತ್ತದೆ, ಆದರೆ ಆ ಗುಂಡಿಯನ್ನು ಮರೆತುಬಿಡಬೇಡಿ. ತೆಂಗಿನ ಸುಳಿ ತಿನ್ನುವ ಕುರುವಾಯಿ ದುಂಬಿ ಮೊಟ್ಟೆ ಇಡುವುದು ಇಂಥ ಕೊಳೆತ ರಾಶಿಯಲ್ಲೇ. ಆಗಾಗ ಮಗುಚಿ, ಅದರ ದಪ್ಪ ಬಿಳಿ ಹುಳು ಕಂಡರೆ ಕೋಳಿಗೆ ಹಾಕಿ. ಮನೆ ಗೋಡೆಗೆ ತಾಗಿ ರಾಶಿ ಬೇಡ, ಒರಲೆ ಬರುತ್ತದೆ, ಹಾವಿನ ಹೆದರಿಕೆಯೂ ಉಂಟು.

ಇಷ್ಟೆಲ್ಲ ಆಗುವುದಿಲ್ಲ, ಮೆಷಿನ್ನೇ ಬೇಕು ಅಂದರೆ ಬ್ಯಾಟರಿಯದ್ದು ನೋಡಿ. ಕಾರ್ ಪೋರ್ಚಿಗೆ, ಇಂಟರ್‌ಲಾಕ್ ಹಾಕಿದ ಕಡೆಗೆ ಅದು ಸಾಕು. ಮೆಣಸು ಒಣಗಲು ಹಾಕಿದ್ದರೆ ಮಾತ್ರ ಮೊದಲು ಒಳಗೆ ತೆಗೆದಿಡಿ.