ರಾಜೀನಾಮೆ ಪತ್ರಕ್ಕೆ ಸಹಿ ಹಾಕುವ ಮುನ್ನ

ನಮಸ್ಕಾರ. ಪೀಣ್ಯದ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಆಪರೇಟರ್ ಆಗಿರುವ ನಿಮ್ಮಿಂದ ಆಡಳಿತದವರು ರಾಜೀನಾಮೆ ಬರೆಸಿಕೊಳ್ಳಲು ನೋಡುತ್ತಿದ್ದಾರೆ, ಪಿಎಫ್ ಹಣವನ್ನೆಲ್ಲ ತೆಗೆದುಬಿಡಲೇ ಎಂದು ಕೇಳಿದ್ದೀರಿ.

‘ಸ್ವಇಚ್ಛೆಯಿಂದ ಬಿಡುತ್ತಿದ್ದೇನೆ’ ಎಂಬ ಕಾಗದಕ್ಕೆ ದಯವಿಟ್ಟು ಸಹಿ ಹಾಕಬೇಡಿ. ತಪ್ಪಿಗೆ ಶಿಕ್ಷೆಯಾಗಿ ಅಲ್ಲದೆ ಆಡಳಿತದವರೇ ಕೆಲಸದಿಂದ ತೆಗೆದರೆ ಕನಿಷ್ಠ ಒಂದು ತಿಂಗಳ ನೋಟಿಸು ಅಥವಾ ಅದರ ಸಂಬಳ, ಜೊತೆಗೆ ವರ್ಷಕ್ಕೆ 15 ದಿನಗಳ ವೇತನದಂತೆ ಪರಿಹಾರ ಕಾರ್ಮಿಕರಿಗೆ ಸಲ್ಲಬೇಕು. ಸಹಿ ಹಾಕಿದರೆ ಅದನ್ನು ಕೇಳುವುದು ಬಹಳ ಕಷ್ಟವಾಗುತ್ತದೆ. ಗ್ರಾಚ್ಯುಟಿಯ, ಅಂದರೆ ಕೆಲಸ ಬಿಡುವಾಗ ಸೇವೆಗಾಗಿ ಕೊಡುವ ಹಣದ, ಲೆಕ್ಕ ಬೇರೆ. ಐದು ವರ್ಷ ದಾಟಿರುವುದರಿಂದ ಅದು ಹೇಗೂ ಬರಬೇಕು: ಮೂಲವೇತನ, ತುಟ್ಟಿಭತ್ಯೆ ಸೇರಿ 26,000 ರೂಪಾಯಿ ಇದ್ದರೆ, 26ರಿಂದ ಭಾಗಿಸಿ 15ರಿಂದ ಗುಣಿಸಿದಾಗ ವರ್ಷಕ್ಕೆ 15,000, ಒಂಬತ್ತು ವರ್ಷಕ್ಕೆ 1,35,000 ರೂಪಾಯಿ.

ಪಿಎಫ್‌ನಲ್ಲಿ ಪಿಂಚಣಿಯ ಭಾಗವನ್ನಂತೂ ಮುಟ್ಟಬೇಡಿ. ಮಾಸಿಕ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಹೊಸ ಕೆಲಸದಲ್ಲಿ ನಿಮ್ಮ ಪಿಎಫ್ ಸದಸ್ಯತ್ವದ ಅದೇ ಯುಎಎನ್ ಸಂಖ್ಯೆ ಕೊಟ್ಟು ಮುಂದುವರಿಸಿದರೆ ನಿಮಗೆ ಉಳಿದಿರುವುದು ಒಂದೇ ವರ್ಷ.

ಕೆಲಸ ಹುಡುಕುವಾಗ, ನಿಮ್ಮ ಕಾರ್ಖಾನೆಗೆ ಟೂಲ್ಸ್, ಇನ್ಸರ್ಟ್ (ಲೋಹ ಕತ್ತರಿಸುವ ಬಿಲ್ಲೆ) ತಂದುಕೊಡುತ್ತಿದ್ದವರಿಗೆ ಮೊದಲು ಫೋನ್ ಮಾಡಿ. ಯಾವ ಶೆಡ್ಡಿಗೆ ಹೊಸ ಯಂತ್ರ ಬಂದಿದೆ, ಎಲ್ಲಿ ಆಪರೇಟರ್ ಇಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ. ನನಗೆ ಕೆಲಸ ಸಿಕ್ಕಿದ್ದೂ ಹಾಗೆಯೇ. ಅದಕ್ಕೂ ಮೊದಲು ಮನೆಯಲ್ಲಿ ವಿಷಯ ತಿಳಿಸಿ. ನಾನು ಹನ್ನೊಂದು ದಿನ ಊಟದ ಡಬ್ಬಿ ಹಿಡಿದು ಹೊರಟು, ಜಾಲಹಳ್ಳಿಯ ಬಸ್ ನಿಲ್ದಾಣದಲ್ಲಿ ಕುಳಿತು ಉಂಡು ಮರಳುತ್ತಿದ್ದೆ. ಕೆಲಸ ಹೋದ ದುಃಖಕ್ಕಿಂತ ಆ ಡಬ್ಬಿಯ ಭಾರವೇ ನನಗೆ ಹೆಚ್ಚಾಗಿತ್ತು.